ಅಪ್ಪನ ಸರದಿ

ಮೂರನೆಯ ದಿನವೂ ಗಂಡ ಕುತ್ತಿಗೆಯವರೆಗೆ ಅಂಗಿಯ ಗುಂಡಿ ಬಿಗಿದುಕೊಂಡೇ ಆಸ್ಪತ್ರೆಗೆ ಬಂದದ್ದನ್ನು ಕಂಡು ಅವಳ ತಾಳ್ಮೆ ಕೆಟ್ಟಿತು. ಮೇಲಿನ ಎರಡು ಗುಂಡಿ ಹಾಕಿದರೆ ಉಸಿರು ಕಟ್ಟುತ್ತದೆಂದು ಮದುವೆಯ ಫೋಟೋದಲ್ಲೂ ಹಾಕದ ಆಸಾಮಿ ಅವನು.

“ಇವತ್ತೂ ಆಗಲ್ಲ ಕಣೇ. ಡ್ಯೂಟಿ ಇದೆ,” ಎಂದ, ಅವಳ ಮುಖ ಬಿಟ್ಟು ಕೈ ತೊಳೆಯುವ ಸಿಂಕನ್ನೇ ನೋಡುತ್ತಾ.

ಅವರ ಮಗಳು ಎರಡು ತಿಂಗಳು ಮೊದಲೇ ಹುಟ್ಟಿದ್ದಳು. ಈಗ ಇಪ್ಪತ್ತೆರಡು ದಿನದ ಕೂಸು, ತೂಕ ಒಂದೂವರೆ ಕಿಲೋಗೂ ಕಡಿಮೆ. ಅವಳಿದ್ದ ಎಳೆಗೂಸುಗಳ ವಾರ್ಡಿನಲ್ಲಿ ಅಪ್ಪ ಅಮ್ಮ ಗಾಜಿನಾಚೆ ನಿಂತು ಕಣ್ಣೀರು ಹಾಕಿ ಹೋಗುವ ಹಾಗಿರಲಿಲ್ಲ. ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಹಿರಿಯ ನರ್ಸು ಇಬ್ಬರಿಗೂ ಕೆಲಸ ಹಚ್ಚಿದ್ದಳು. ಟ್ಯೂಬಿನಲ್ಲಿ ಹಾಲು ಕೊಡುವುದು, ಡಯಾಪರ್ ಬದಲಿಸುವುದು, ಜ್ವರ ನೋಡಿ ಬರೆಯುವುದು ಅಮ್ಮನ ಪಾಲಿಗೆ. ಈ ಸೋಮವಾರದಿಂದ ಮಧ್ಯಾಹ್ನ ಮೂರಕ್ಕೆ ಅಪ್ಪನ ಸರದಿ. ಅಂಗಿ ಬಿಚ್ಚಿ, ಬರಿ ಎದೆಯ ಮೇಲೆ ಮಗುವನ್ನು ಒಂದು ಗಂಟೆ ಅಪ್ಪಿಕೊಂಡು ಕೂರಬೇಕು. ಮೈಗೆ ಮೈ ತಾಗಿದರೆ ಮಗು ಬೆಚ್ಚಗಿರುತ್ತದೆ, ಉಸಿರೂ ಹದಕ್ಕೆ ಬರುತ್ತದೆ.

ಸೋಮವಾರ ಡ್ಯೂಟಿ ಎಂದ. ಮಂಗಳವಾರವೂ ಡ್ಯೂಟಿ. ಇವನಿಗೆ ಈ ಮಗು ಬೇಡವಾಯಿತೇ, ಹೆತ್ತ ನಾನೂ ಬೇಡವಾದೆನೇ ಎಂದು ಅವಳಿಗೆ ಅನುಮಾನ ಶುರುವಾಗಿತ್ತು.

“ಯೂನಿಫಾರ್ಮ್ ಇಲ್ದೆ ಯಾವ ಬಸ್ ಓಡಿಸ್ತೀರಾ?” ಎಂದಳು.

ಡ್ರೈವರ್ ಸಾಹೇಬರು ತಮ್ಮ ಹೂವಿನ ಅಂಗಿಯನ್ನು ಈಗಷ್ಟೇ ಕಂಡವರಂತೆ ನೋಡಿಕೊಂಡರು.

“ಅದು... ಡಿಪೋದಲ್ಲಿ ಹಾಕ್ಕೋತೀನಿ.”

“ರೀ, ನಾನು ದಿನಾ ನಲವತ್ತು ಮಕ್ಕಳ ಸುಳ್ಳು ಕೇಳೋ ಟೀಚರು. ನೇರವಾಗಿ ಹೇಳಿ. ಇವಳನ್ನ ಎತ್ಕೊಳ್ಳೋಕೆ ಇಷ್ಟ ಇಲ್ವಾ?”

ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ಅವನು ಗಾಬರಿಯಾಗಿ ಆಚೀಚೆ ನೋಡಿ, ಒಂದೊಂದೇ ಗುಂಡಿ ಬಿಚ್ಚಿದ.

ಅವಳು ಬಾಯಿ ಬಿಟ್ಟುಕೊಂಡು ನೋಡಿದಳು. ಕರಡಿ ಎಂದು ನಾಲ್ಕು ವರ್ಷದಿಂದ ಅವಳು ರೇಗಿಸುತ್ತಿದ್ದ ಎದೆಯಲ್ಲಿ ಒಂದು ಕೂದಲೂ ಇರಲಿಲ್ಲ. ಅಲ್ಲಲ್ಲಿ ಒಣಗಿದ ಗೀರುಗಳು, ಮಾಸುತ್ತಿರುವ ಕೆಂಪು ಗುಳ್ಳೆಗಳು.

“ಮಗುಗೆ ಚುಚ್ಚುತ್ತೆ ಅಂತ... ನಾನೇ ಬೋಳಿಸ್ಕೊಂಡೆ. ಗಾಯ ವಾಸಿ ಆಗೋವರೆಗೂ ಮಗು ಮುಟ್ಟಬೇಡ ಅಂತ ದೊಡ್ಡಕ್ಕ ಬೈದ್ರು. ನಿಂಗೆ ಹೇಳಿದ್ರೆ ನಗ್ತೀಯ ಅಂತ...”

ನಗದೆ ಇನ್ನೇನು? ಹೊಲಿಗೆ ಎಳೆಯುತ್ತಿದ್ದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನ ಕಿವಿ ಕೆಂಪಾಯಿತು. ಎಷ್ಟು ಮುದ್ದಾಗಿ ಕಾಣುತ್ತಾನಪ್ಪಾ ಈ ಮನುಷ್ಯ ಎನಿಸಿತು ಅವಳಿಗೆ.

ಸದ್ದು ಕೇಳಿ ಬಂದ ದೊಡ್ಡಕ್ಕ ಸೊಂಟಕ್ಕೆ ಕೈಯಿಟ್ಟಳು. “ಏನಪ್ಪಾ, ಕೂದಲು ಇದ್ರೆ ಪರವಾಗಿಲ್ವಾ ಅಂತ ಮೊದಲೇ ಒಂದು ಮಾತು ಕೇಳಬಾರ್ದಿತ್ತಾ?” ಟಾರ್ಚ್ ಹಾಕಿ ಅವನ ಎದೆಯನ್ನು ಇಂಚಿಂಚೂ ನೋಡಿದಳು. “ಎಲ್ಲಾ ಮಾಗಿದೆ. ನಿನ್ನೇನೇ ಹೇಳಿದ್ನಲ್ಲ, ಇವತ್ತು ಬಾ ಅಂತ. ಇನ್ನೇನು ನೆಪ?”

ಅವನು ಅಂಗಿ ತೆಗೆದಿಟ್ಟು ಒರಗು ಕುರ್ಚಿಯಲ್ಲಿ ಕೂತ. ದೊಡ್ಡಕ್ಕ ಮಗುವನ್ನು ಎತ್ತಿ ಅವನ ಎದೆಗೆ ಒರಗಿಸಿದಳು, ಮೇಲೊಂದು ಬಟ್ಟೆ ಹೊದಿಸಿ ಹೋದಳು. ಬಸ್ಸನ್ನೇ ಬೆರಳಲ್ಲಿ ತಿರುಗಿಸುವವನು ಆ ಪುಟ್ಟ ಬೆನ್ನಿಗೆ ಎರಡೂ ಅಂಗೈ ಒಡ್ಡಿ ಹಿಡಿದ. ಮಗಳು ಒಮ್ಮೆ ಮೂಗು ಸುಕ್ಕಿಸಿ, ಕೆನ್ನೆ ಒತ್ತಿ ಮಲಗಿದಳು. ಉಸಿರು ಏರುಪೇರಾದರೆ ಕೂಗುವ ಮಾನಿಟರ್ ಸುಮ್ಮನಿತ್ತು.

“ದೊಡ್ಡಕ್ಕ ಇವತ್ತು ಬಾ ಅಂದಿದ್ರೂ ಯಾಕೆ ಡ್ಯೂಟಿ ಅಂದ್ರಿ?” ಅವಳು ಪಕ್ಕದ ಸ್ಟೂಲಿನಲ್ಲಿ ಕೂತು ಮೆಲ್ಲನೆ ಕೇಳಿದಳು.

ಅವನು ಮಗುವಿನ ಮೇಲಿನ ಬಟ್ಟೆಯನ್ನು ಒಂದು ಬೆರಳಿಂದ ಸರಿಮಾಡಿದ.

“ನಿನ್ನನ್ನ ಆಪರೇಷನ್‌ಗೆ ಕರ್ಕೊಂಡು ಹೋದ್ರಲ್ಲ, ಹೊರಗಡೆ ನಿಂತು ನಾನು ನೀನೊಬ್ಬಳು ಉಳೀಲಿ ಅಂತ ಕೇಳ್ಕೊಂಡೆ ಕಣೇ. ನೀನೊಬ್ಬಳೇ. ಇವಳ ನೆನಪೂ ಬರಲಿಲ್ಲ. ಯಾವ ಮುಖ ಇಟ್ಕೊಂಡು ಇವಳನ್ನ ಎತ್ಕೊಳ್ಳಲಿ?”

ಇಷ್ಟು ಪ್ರೀತಿಯನ್ನು ತಪ್ಪು ಎಂದುಕೊಂಡು ಮೂರು ವಾರ ಒಬ್ಬನೇ ಹೊತ್ತು ತಿರುಗಿದ್ದಾನೆ, ಪೆದ್ದ. ಅವನ ಬೆರಳುಗಳ ಮೇಲೆ ತನ್ನ ಕೈಯಿಟ್ಟಳು. ಕೆಳಗೆ ಮಗುವಿನ ಬೆನ್ನು ಪುಟ್ಟದಾಗಿ ಏರಿ ಇಳಿಯುತ್ತಿತ್ತು.

“ಒಳಗೆ ನಾನು ಇವಳೊಬ್ಬಳು ಉಳೀಲಿ ಅಂತ ಕೇಳ್ಕೊಂಡೆ,” ಎಂದಳು. “ನನ್ನ ವಿಷಯ ನೀವು ನೋಡ್ಕೋತೀರ ಅಂತ ನಂಗೆ ಗೊತ್ತಿತ್ತು.”

ಅವನು ತಲೆಯೆತ್ತಿ ಅವಳನ್ನೇ ನೋಡಿದ. ಅವನ ಕಣ್ಣೀರು ಕೆನ್ನೆ ಮೇಲೆ ಇಳಿದು ಗದ್ದಕ್ಕೆ ಬಂತು.

“ಒರೆಸೇ,” ಎಂದು ಪಿಸುಗುಟ್ಟಿದ. “ಇವಳ ಮೇಲೆ ಬೀಳುತ್ತೆ. ನನ್ನ ಕೈ ಖಾಲಿ ಇಲ್ಲ.”