ಬೆಳ್ಳಿ ಬೆಳಗಿದವರು ಯಾರು?

"ನಮ್ಮ ಮನೇಲಿ ಕೊಲೆ ಆಗಿದೆ, ಬೇಗ ಬನ್ನಿ!" ಎಂದು ಫೋನಿನಲ್ಲಿ ಮುದಿ ದನಿಯೊಂದು ಕೂಗಿಕೊಂಡಾಗ ಗುಮಾಸ್ತರು ಅರ್ಧ ಕುಡಿದ ಚಹಾ ಬಿಟ್ಟು ವಕೀಲಮ್ಮನ ಜೊತೆ ಹೊರಟಿದ್ದರು. ಬಂದು ನೋಡಿದರೆ ಹೆಣವೂ ಇಲ್ಲ, ಗಿಣವೂ ಇಲ್ಲ. ಮಂಕು ಬೆಳಕಿನ ಕೋಣೆಯಲ್ಲಿ, ಮೇಜಿನ ಮೇಲೆ, ಹಳೆಯ ಬೆಳ್ಳಿ ನಾಣ್ಯಗಳು ತಟ್ಟೆತುಂಬ ಫಳಫಳ ಹೊಳೆಯುತ್ತಿದ್ದವು.

"ಸತ್ತವರು ಯಾರು ಸ್ವಾಮಿ?" ಗುಮಾಸ್ತರು ಸ್ವಲ್ಪ ಸಿಟ್ಟಿನಿಂದಲೇ ಕೇಳಿದರು.

"ಇವೇ!" ಮನೆಯ ಯಜಮಾನರು ಬೆರಳನ್ನು ನಾಣ್ಯಗಳತ್ತ ಚಾಚಿದರು. ಆ ಬೆರಳಿನ ಉಗುರಿನೊಳಗೆ ಬಿಳಿ ಪುಡಿ ಸೇರಿಕೊಂಡಿತ್ತು. ಗೋಡೆ ಹಿಡಿದು ನಡೆಯುವ ಮುದುಕರು, ಸುಣ್ಣ ಹತ್ತಿರಬೇಕು ಎಂದುಕೊಂಡರು ಗುಮಾಸ್ತರು.

ವಕೀಲಮ್ಮ ಮಾತ್ರ ನಗಲಿಲ್ಲ. ಕರಿಕೋಟು ಬಿಚ್ಚಿಟ್ಟ ಮೇಲೆ ಮನೆಮನೆಯ ಒಗಟು ಬಿಡಿಸುವುದೇ ಅವರ ಕಸುಬಾಗಿತ್ತು. ಕೋರ್ಟಿನ ಕಾಲದಿಂದ ಬೆನ್ನಿಗಿದ್ದ ಗುಮಾಸ್ತರು ಗೊಣಗುತ್ತಲೇ ಜೊತೆಗೆ ತಿರುಗುತ್ತಿದ್ದರು. "ಬೆಳ್ಳಿ ಹೊಳೆದ್ರೆ ಒಳ್ಳೇದೇ ಅಲ್ವಾ?" ಎಂದು ಅವರ ಬಾಯಿಂದ ಜಾರಿದ್ದೇ ತಡ, ಯಜಮಾನರು ಕೆಂಡವಾದರು.

"ತೂಕಕ್ಕೆ ಮಾರೋನಿಗೆ ಒಳ್ಳೇದು! ನಾಣ್ಯಕ್ಕೆ ಬೆಲೆ ಬರೋದು ಅದು ಯಾವ ಟಂಕಸಾಲೇದು, ಯಾವ ವರ್ಷದ್ದು, ಆ ವರ್ಷ ಎಷ್ಟು ಅಚ್ಚು ಹಾಕಿದ್ರು, ಎಷ್ಟು ಸವೆದಿದೆ ಅನ್ನೋದರಿಂದ. ಎಲ್ಲಕ್ಕಿಂತ ಹೆಚ್ಚಾಗಿ ಅದರ ಮೈಯಿಂದ. ಕಾಲ ಕಳೆದ ಹಾಗೆ ಮೈ ಕಪ್ಪಾಗಿ, ಅಂಚಲ್ಲಿ ನೀಲಿ ಓಡಿರುತ್ತೆ. ಅದನ್ನ ಉಜ್ಜಿದ್ರೆ ಮುಗೀತು. ಕರಗಿಸೋಕಷ್ಟೇ ಲಾಯಕ್ಕು. ನನ್ನ ಇಡೀ ಜನ್ಮ ಇದರಲ್ಲಿತ್ತು, ತಾಯಿ!" ಎಂದು ಮುಖ ಮುಚ್ಚಿಕೊಂಡು ಅತ್ತರು. ಗುಮಾಸ್ತರಿಗೆ ಛೇ, ಯಾಕಾದರೂ ಬಾಯಿಬಿಟ್ಟೆನೋ ಅನ್ನಿಸಿತು.

ನಾಣ್ಯಗಳನ್ನಿಡುವ ಬೀರುವಿನ ಬೀಗ ಮುರಿದಿರಲಿಲ್ಲ. ಒಂದೇ ಒಂದು ಕೀಲಿ, ಅದು ಯಜಮಾನರ ಕೊರಳಿನ ದಾರದಲ್ಲಿತ್ತು.

"ಅಪ್ಪನ್ನ ಏಳಿಸೋದು, ಸ್ನಾನ ಮಾಡಿಸೋದು ಎಲ್ಲ ಇವಳೇ," ಮಗ ಹೆಂಡತಿಯ ಕಡೆ ತಿರುಗಿಯೂ ನೋಡದೆ ಹೇಳಿದ. "ಆ ಕೀಲಿ ಇನ್ಯಾರ ಕೈಗೆ ಸಿಗುತ್ತೆ? ನಿನ್ನೆ ಅಪ್ಪ ಬೈದ್ರು ಅಂತ ಹೀಗೆ ಸೇಡು ತೀರಿಸ್ಕೊಂಡಿದ್ದಾಳೆ. ಸಂಜೆಯೊಳಗೆ ತವರಿಗೆ ಹೊರಡು ಅಂದುಬಿಟ್ಟಿದ್ದೀನಿ."

ಬಾಗಿಲ ಬಳಿ ಸೊಸೆಯ ಟ್ರಂಕು ಆಗಲೇ ಬಂದು ಕೂತಿತ್ತು. ವಕೀಲಮ್ಮ ಏನು ಕೇಳಿದರೂ ಅವಳದು ಒಂದೇ ಮಾತು: "ನಾನೇನೂ ಹೇಳಲ್ಲ ಅಮ್ಮಾ." ಅಳುತ್ತಿರಲಿಲ್ಲ, ಆದರೆ ಕಣ್ಣೆಲ್ಲ ಊದಿಕೊಂಡಿತ್ತು.

ಸುದ್ದಿ ಕೇಳಿ ಪಕ್ಕದ ಬೀದಿಯ ನಾಣ್ಯವ್ಯಾಪಾರಿಯೂ ಓಡಿಬಂದಿದ್ದ. ಎಷ್ಟೋ ಸಲ ಈ ನಾಣ್ಯಗಳನ್ನು ಕೇಳಿ, ಬೈಸಿಕೊಂಡು ವಾಪಸು ಹೋದವನು. "ಇವನದೇ ಕೈವಾಡ ಅಮ್ಮಾ, ಹೊಟ್ಟೆಕಿಚ್ಚು!" ಗುಮಾಸ್ತರು ಕಿವಿಯಲ್ಲಿ ಉಸುರಿದರು.

"ಸುಮ್ನಿರಿ ಗುಮಾಸ್ತರೇ. ತಟ್ಟೆ ನೋಡಿ."

ನೋಡಿದರು. ಪ್ರತಿ ತಟ್ಟೆಯ ಅಂಚಿಗೂ ವರ್ಷ ಬರೆದ ಚೀಟಿ ಅಂಟಿಸಿತ್ತು. ನಾಣ್ಯಗಳು ಮಾತ್ರ ಚೀಟಿಯನ್ನು ಲೆಕ್ಕಿಸದೆ ದೊಡ್ಡವು ಮುಂದೆ, ಚಿಕ್ಕವು ಹಿಂದೆ ಕೂತಿದ್ದವು. ಭೂತಗನ್ನಡಿಯಲ್ಲಿ ಕಂಡ ಸಣ್ಣ ಗೀರುಗಳೆಲ್ಲ ನೇರವಾಗಿ ಒಂದೇ ದಿಕ್ಕಿಗಿದ್ದವು. ವಕೀಲಮ್ಮ ಅಡುಗೆಮನೆಗೆ ಹೋಗಿ ಪಾತ್ರೆಗಳ ತಳ ತಿರುವಿ ನೋಡಿದರು. ಹಿತ್ತಿಲ ತಂತಿಯ ಮೇಲೆ ಒಗೆದು ಹಾಕಿದ ಪಂಚೆಯ ತುಂಡಿನಲ್ಲಿ ಹೋಗದೆ ಉಳಿದ ಕಪ್ಪು ಕಲೆ ನೋಡಿದರು. ಹಜಾರದ ಗೋಡೆಯಲ್ಲಿದ್ದ ಹಳೆಯ ಪಟದ ಮುಂದೆ ತುಂಬ ಹೊತ್ತು ನಿಂತರು. ಬೆಳ್ಳಿ ಪಾತ್ರೆಯ ಅಂಗಡಿ, ಗಲ್ಲಾದಲ್ಲಿ ಮೀಸೆಯ ಗಂಡಸು, ಅವನ ಕಾಲ ಬಳಿ ಮಡಿಲಲ್ಲಿ ಬಟ್ಟೆ ಹಿಡಿದು ಕೂತ ಹುಡುಗ.

ಅಷ್ಟರಲ್ಲಿ ಯಜಮಾನರು ಗುಮಾಸ್ತರ ತೋಳು ಹಿಡಿದು, "ಅಣ್ಣಾ, ಅಂಗಡಿ ಬಾಗಿಲು ತೆಗೆದ್ರಾ?" ಎಂದರು. ತಮಾಷೆಯಿರಬೇಕೆಂದು ಗುಮಾಸ್ತರು ಹಲ್ಲು ಕಿರಿದರು. ವಕೀಲಮ್ಮನ ಮುಖ ಕಪ್ಪಿಟ್ಟಿತು.

ಊಟದ ನಂತರ ಯಜಮಾನರು ಮಲಗಲಿ, ಆಮೇಲೆ ಹೇಳುತ್ತೇನೆ ಎಂದರು ವಕೀಲಮ್ಮ. ಯಜಮಾನರು ಕೇಳಲಿಲ್ಲ. "ಕರೆಸಿದೋನು ನಾನು, ನನ್ನೆದುರಿಗೇ ಹೇಳಿ" ಎಂದು ಹಟ ಹಿಡಿದು ಕುರ್ಚಿಯಲ್ಲಿ ಕೂತರು. ಎಲ್ಲರೂ ಹಜಾರದಲ್ಲಿ ಸೇರಿದರು.

"ವ್ಯಾಪಾರಿಗೆ ಈ ನಾಣ್ಯ ಬೇಕಿತ್ತು," ವಕೀಲಮ್ಮ ಆರಂಭಿಸಿದರು. "ಬೇಕಾದ್ದನ್ನ ಯಾರೂ ಕೈಯಾರೆ ಹಾಳು ಮಾಡಲ್ಲ. ಮಗನಿಗೆ ಮುಂದೆ ಬರೋ ಆಸ್ತಿ, ಅವರೂ ಅಲ್ಲ. ಇನ್ನು ಸೊಸೆ. ಈಕೆ ತಿಕ್ಕಿದ ಪಾತ್ರೆಯ ತಳದಲ್ಲೆಲ್ಲ ಸುತ್ತು ಗೀರು. ನಾಣ್ಯದ ಮೇಲೆ ಒಂದೂ ಸುತ್ತಿಲ್ಲ. ಬಟ್ಟೆ ಒಂದೇ ಕಡೆಗೆ ಎಳೆದು ಬೆಳಗಿರೋದು ಪಳಗಿದ ಕೈ. ವರ್ಷ, ಟಂಕಸಾಲೆ ಮರೆತು, ಅಂಗಡಿಯಲ್ಲಿ ಪಾತ್ರೆ ಜೋಡಿಸೋ ಹಾಗೆ ದೊಡ್ಡದು ಮುಂದೆ, ಚಿಕ್ಕದು ಹಿಂದೆ ಇಟ್ಟಿದೆ. ಆ ಪಟದಲ್ಲಿರೋ ಹುಡುಗ ದಿನಾ ಮಾಡ್ತಿದ್ದ ಕೆಲಸ ಅದೇ." ಯಜಮಾನರ ಕಡೆ ತಿರುಗಿದರು. "ಕೀಲಿ ನಿಮ್ಮ ಕೊರಳಿಂದ ಇಳಿದೇ ಇಲ್ಲ. ಯಜಮಾನರೇ, ನಿಮ್ಮ ಉಗುರು ನೋಡ್ಕೊಳ್ಳಿ. ಅದು ಗೋಡೆ ಸುಣ್ಣ ಅಲ್ಲ, ಬೆಳ್ಳಿ ಬೆಳಗೋ ಪುಡಿ."

ಯಜಮಾನರು ಕೈ ಮುಖದ ಹತ್ತಿರ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. "ಅಪ್ಪ ಬರೋ ಮುಂಚೆ ಮುಗಿಸ್ಬೇಕಿತ್ತು..." ಎಂದವರು ತಟ್ಟನೆ ನಿಲ್ಲಿಸಿಬಿಟ್ಟರು. ಅವರಿಗೆ ಎಲ್ಲವೂ ತಿಳಿದುಹೋಗಿತ್ತು.

"ನೀನು ನೋಡಿದ್ಯಾ?" ಮಗ ಹೆಂಡತಿಯನ್ನು ಕೇಳಿದ.

"ಬೆಳಿಗ್ಗೆ ಎದ್ದು ಬಂದಾಗ ಕೊನೇ ತಟ್ಟೆ ಮಾಡ್ತಿದ್ರು. ಏನೋ ಗುನುಗ್ತಾ ಇದ್ರು," ಸೊಸೆ ಮೆಲ್ಲಗೆ ಹೇಳಿದಳು. "ಬಟ್ಟೆ ಒಗೆದು ಹಾಕಿದೆ. ಇದು ತನ್ನ ಕೈಯಿಂದಲೇ ಆದದ್ದು ಅಂತ ಗೊತ್ತಾದ್ರೆ ಮಾವ ಬದುಕ್ತಾರಾ?"

ಯಜಮಾನರು ಎದ್ದು ಬಂದು ಸೊಸೆಗೆ ಕೈಮುಗಿದರು. "ತಪ್ಪಾಯ್ತು ಮಗಳೇ" ಎಂದು ಮಗುವಿನಂತೆ ಬಿಕ್ಕಿದರು. ಅವಳು ಅವರ ಕೈ ಹಿಡಿದು ಮಲಗುವ ಕೋಣೆಗೆ ಕರೆದೊಯ್ದಳು. ಮಗ ತಲೆ ಎತ್ತಲಿಲ್ಲ. ಹೋಗಿ ಬಾಗಿಲ ಬಳಿಯ ಟ್ರಂಕನ್ನು ತಾನೇ ಹೊತ್ತು ಒಳಗಿಟ್ಟ. ವ್ಯಾಪಾರಿ ಮೇಲೆ ಸುಮ್ಮನೆ ಗೂಬೆ ಕೂರಿಸಿದೆನಲ್ಲ ಎಂದು ಗುಮಾಸ್ತರಿಗೆ ನಾಚಿಕೆಯಾಯಿತು.

ಸಂಜೆ ವಕೀಲಮ್ಮ, ಗುಮಾಸ್ತರು ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗಿನಿಂದ ಚೀತ್ಕಾರ ಕೇಳಿಸಿತು. ನಿದ್ದೆ ಮುಗಿಸಿದ ಯಜಮಾನರು ಮತ್ತೆ ಬೀರುವಿನ ಮುಂದೆ ನಿಂತಿದ್ದರು.

"ಅಯ್ಯಯ್ಯೋ, ನನ್ನ ನಾಣ್ಯ! ಯಾರು ಉಜ್ಜಿದ್ದು? ಯಾವ ಪಾಪಿ ಮಾಡಿದ ಕೆಲಸ ಇದು?"

ಸೊಸೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದಳು.

"ನಾನೇ ಮಾವಾ. ಗೊತ್ತಿಲ್ದೆ ಉಜ್ಜಿಬಿಟ್ಟೆ, ತಪ್ಪಾಯ್ತು."

"ಬುದ್ಧಿ ಇದೆಯಾ ನಿನಗೆ? ನಿನ್ನ ಕೈಗೆ ಬೆಂಕಿ ಬೀಳ!"

"ಇಲ್ಲ ಮಾವಾ. ಇನ್ನು ಮುಟ್ಟಲ್ಲ."

ಗಂಡ ಏನೋ ಹೇಳಲು ಮುಂದೆ ಬಂದ. ಅವಳು ಕಣ್ಣಿನಲ್ಲೇ ಬೇಡ ಎಂದಳು.

ಗುಮಾಸ್ತರು ವಕೀಲಮ್ಮನ ಕಡೆ ನೋಡಿದರು. ಕೋರ್ಟಿನಲ್ಲಿ ಒಂದು ಸುಳ್ಳು ತಪ್ಪೊಪ್ಪಿಗೆಯನ್ನೂ ಎದ್ದು ನಿಂತು ಪ್ರಶ್ನಿಸದೆ ಬಿಟ್ಟವರಲ್ಲ ಆಕೆ. ಇವತ್ತು ಬಾಯಿ ತೆರೆಯಲಿಲ್ಲ. ಬಾಗಿಲು ಮೆಲ್ಲಗೆ ಎಳೆದುಕೊಂಡು, "ನಡೀರಿ ಗುಮಾಸ್ತರೇ, ಕತ್ತಲಾಗುತ್ತೆ" ಎಂದಷ್ಟೇ ಹೇಳಿದರು.