ನಿಂಬೆಹಣ್ಣು ತಾಕಿದ ರಕ್ತ

ಆಗಸ್ಟ್ 12, ಮಂಗಳವಾರ, ಬೆಳಿಗ್ಗೆ 6.50. ಮಲ್ಲತ್ತಹಳ್ಳಿಯಲ್ಲಿ ಜೋಳದ ರೊಟ್ಟಿ ಖಾನಾವಳಿ ನಡೆಸುವ ಕಲ್ಯಾಣಮ್ಮ ಠಾಣೆಗೆ ಬಂದು, ಕುರ್ಚಿ ತೋರಿಸಿದರೂ ಕೂರದೆ ದೂರು ಹೇಳಿದರು. ಹದಿನೈದು ದಿನಗಳಲ್ಲಿ ಮೂರನೇ ಸಲ ಅವರ ಹೊಸ್ತಿಲಿಗೆ ಯಾರೋ ರಕ್ತ ಸುರಿದು, ನಿಂಬೆಹಣ್ಣು ಕೊಯ್ದಿಟ್ಟು ಮಾಟ ಮಾಡಿದ್ದಾರೆ. ಗಿರಾಕಿಗಳು ಅರ್ಧಕ್ಕರ್ಧ ಕಡಿಮೆಯಾಗಿದ್ದಾರೆ. ಹೀಗೇ ಆದರೆ ಖಾನಾವಳಿ ಮುಚ್ಚಬೇಕಾಗುತ್ತದೆ.

“ಯಾರ ಮೇಲೆ ಅನುಮಾನ?” ಇನ್ಸ್‌ಪೆಕ್ಟರ್ ಕಾಂತರಾಜು ಕೇಳಿದರು.

“ಎದುರಿನ ಮಟನ್ ಅಂಗಡಿ ನಾಗೇಂದ್ರನ ಮ್ಯಾಲ ರೀ. ಖಾನಾವಳಿ ಎದುರಿಗೆ ಕುರಿ ತೂಗುಹಾಕಬ್ಯಾಡಪ್ಪ ಅಂದಿದ್ದೆ. ಅವತ್ತಿಂದ ನನ್ನ ಕಂಡ್ರ ಆಗೋದಿಲ್ಲ ಅವಗ.”

7.15ಕ್ಕೆ ಎಫ್‌ಐಆರ್ ಆಯಿತು. 7.40ಕ್ಕೆ ಕಾಂತರಾಜು ಮತ್ತು ಕಾನ್‌ಸ್ಟೇಬಲ್ ದಿವ್ಯ ಸ್ಥಳಕ್ಕೆ ಹೋಗುವ ಹೊತ್ತಿಗೆ ಬೀದಿ ತನಿಖೆ ಮುಗಿಸಿ ತೀರ್ಪನ್ನೂ ಕೊಟ್ಟಾಗಿತ್ತು. ರಕ್ತ ಎಂದರೆ ಮಟನ್ ಅಂಗಡಿ, ಇನ್ನೇನು ನೋಡುವುದು? ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಜನ ಇವತ್ತೂ ನಾಗೇಂದ್ರನ ಅಂಗಡಿಯ ಶಟರ್ ಎಳೆಸಿ, ಅದರ ಮುಂದೆಯೇ ನಿಂತಿದ್ದರು.

“ನಾನಲ್ಲ ಸಾರ್,” ನಾಗೇಂದ್ರ ಹೇಳಿದ. “ನಾಲ್ಕು ದಿನದಿಂದ ಅಂಗಡಿ ತೆಗೆಯೋಕೆ ಬಿಡ್ತಾ ಇಲ್ಲ. ನನ್ನ ಮಗಳ ಜತೆ ಪಕ್ಕದ ಮನೆ ಮಕ್ಕಳು ಆಟಕ್ಕೂ ಬರಲ್ಲ. ಏನಾದ್ರೂ ಮಾಡಿ.”

ಇಬ್ಬರು ಪಂಚರ ಎದುರು ಪಂಚನಾಮೆ ಶುರುವಾಯಿತು. ಹೊಸ್ತಿಲ ಉದ್ದಕ್ಕೂ ಕಡುಗೆಂಪು ಕಲೆ, ನಡುವೆ ಬೋರಲು ಹಾಕಿದ ಎರಡು ನಿಂಬೆ ಹೋಳು. ಬರೆದುಕೊಳ್ಳುತ್ತಿದ್ದ ದಿವ್ಯ ಪೆನ್ನು ನಿಲ್ಲಿಸಿದಳು. ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿ ಪೊಲೀಸ್ ಆದವಳು, ಓದು ದಂಡವಾಯಿತೆಂದು ಮನೆಯವರಿಂದ ಬೈಸಿಕೊಂಡವಳು.

“ಸಾರ್, ನಿಂಬೆಹಣ್ಣಿನ ಸುತ್ತ ನೋಡಿ. ಹಳದಿ ಆಗಿದೆ.”

“ಆದ್ರೆ?”

“ರಕ್ತಕ್ಕೆ ನಿಂಬೆರಸ ಬಿದ್ರೆ ಕಂದು ಆಗ್ಬಹುದು, ಅರಿಶಿನದ ಹಳದಿ ಆಗಲ್ಲ. ಇದು ಆರತಿ ನೀರು ಸಾರ್. ಅರಿಶಿನ, ಸುಣ್ಣ.”

ಪ್ರಯೋಗಾಲಯಕ್ಕೆಂದು ಮಾದರಿ ತೆಗೆದಿಟ್ಟ ಮೇಲೆ, ಪಂಚರ ಎದುರಿಗೇ ಕೆಂಪಿನ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದಳು. ಹಳದಿಯಾಯಿತು. ಅದೇ ಜಾಗಕ್ಕೆ ಸೋಪಿನ ನೀರು ಸುರಿದಳು. ಮತ್ತೆ ಕೆಂಪಾಯಿತು. ಸುಣ್ಣ, ಸೋಪು ಕ್ಷಾರ, ಅವು ತಾಕಿದರೆ ಅರಿಶಿನ ಕೆಂಪು. ನಿಂಬೆರಸ ಆಮ್ಲ, ಅದು ಕ್ಷಾರವನ್ನು ಕೊಂದರೆ ಅರಿಶಿನ ತನ್ನ ಬಣ್ಣಕ್ಕೆ ಮರಳುತ್ತದೆ. ದಿವ್ಯ ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಗುಂಪಿನಲ್ಲಿ ಅರ್ಧ ಜನ ಜಾಗ ಖಾಲಿ ಮಾಡಿದ್ದರು.

ಇಲ್ಲಿಂದ ಮುಂದಿನ ತರ್ಕ ಕಾಂತರಾಜುಗೆ ಖುಷಿಯ ಕೆಲಸ. ದಿನಾ ಬಕೆಟ್‌ಗಟ್ಟಲೆ ರಕ್ತ ತೊಳೆಯುವ ನಾಗೇಂದ್ರ ಅರಿಶಿನ ಕಲಸುತ್ತಾ ಕೂರುವುದಿಲ್ಲ. ಮಾಟಕ್ಕೂ ರಕ್ತ ಮುಟ್ಟಲಾಗದವನು ಮಾಡಿದ ಕೆಲಸವಿದು. ಮೂಲೆಯ ಮೆಡಿಕಲ್ ಸ್ಟೋರಿನ ಕ್ಯಾಮೆರಾ ನೋಡಿದರು. ಅದರಲ್ಲಿ ರಸ್ತೆ ಕಾಣುತ್ತಿತ್ತು, ಹೊಸ್ತಿಲು ಕಾಣುತ್ತಿರಲಿಲ್ಲ. ಹಿಂದಿನ ರಾತ್ರಿ ಖಾನಾವಳಿ ಮುಚ್ಚಿದಾಗಿನಿಂದ ಹಿಡಿದು ಬೆಳಿಗ್ಗೆ ತೆರೆದವರೆಗೆ ರಸ್ತೆಯಿಂದ ಯಾರೂ ಹೊಸ್ತಿಲಿಗೆ ಬಂದಿರಲಿಲ್ಲ. ಅಂದರೆ ಮಹಡಿಯ ಮೇಲಿನ ಮನೆಯಿಂದಲೇ ಇಳಿದಿದ್ದಾರೆ. ಮೇಲಿರುವವರು ಇಬ್ಬರೇ, ಕಲ್ಯಾಣಮ್ಮ ಮತ್ತು ಅವರ ಗಂಡ ಜಂಬಣ್ಣ.

ಬೆಳಿಗ್ಗೆ 10.20. ನಿವೃತ್ತ ಮೇಷ್ಟ್ರಾದ ಜಂಬಣ್ಣ ಹಣೆತುಂಬ ವಿಭೂತಿ ಧರಿಸಿ ಎಲೆಯಡಿಕೆ ಹಾಕುತ್ತಿದ್ದರು.

“ಅಡುಗೆಮನೆ ಕೆಲಸ ಮಾಡ್ತೀರಾ?”

“ಇಲ್ರಿ. ಆಕಿ ಒಳಗ ಬಿಡೋದಿಲ್ಲ.”

“ಅರಿಶಿನ ಮುಟ್ಟಿದ್ದೀರಾ?”

“ನಾ ಯಾಕ ಮುಟ್ಟಲಿ?”

“ಒಂದು ಲೋಟ ವಾಷಿಂಗ್ ಸೋಡಾ ನೀರು ತನ್ನಿ.” ಲೋಕಾಯುಕ್ತದಲ್ಲಿದ್ದಾಗ ಲಂಚ ಮುಟ್ಟಿದ ಕೈಗಳನ್ನು ಕಾಂತರಾಜು ಇದೇ ನೀರಿನಲ್ಲಿ ಅದ್ದಿಸಿದ್ದರು. ಅಲ್ಲಿ ನೋಟಿಗೆ ಬೇರೆ ಪುಡಿ ಸವರುತ್ತಿದ್ದರು. ಕ್ಷಾರ ಸಾಕ್ಷಿ ಹೇಳುವ ರೀತಿ ಮಾತ್ರ ಒಂದೇ.

ಜಂಬಣ್ಣ ಬಲಗೈ ಬೆರಳು ಅದ್ದಿದರು. ಉಗುರ ಸಂದಿಯಿಂದ ಕೆಂಪು ಎಳೆ ಎಳೆಯಾಗಿ ಹೊರಟಿತು. ಅವರು ಕೈ ತೆಗೆಯದೆ, “ನಾನ ಮಾಡೀನ್ರಿ,” ಎಂದರು.

“ರಕ್ತನೇ ತರಬಹುದಿತ್ತಲ್ಲ?”

“ಲಿಂಗಪೂಜೆ ಮಾಡೋ ಕೈ ರೀ ಇದು.”

“ಆ ಕೈಯಿಂದ ನಾಗೇಂದ್ರನ ಹೊಟ್ಟೆ ಮೇಲೆ ಹೊಡೀಬಹುದಾ?”

ಜಂಬಣ್ಣ ಬೆರಳು ಒರೆಸಿಕೊಂಡರು. ಅನುಮಾನ ನಾಗೇಂದ್ರನ ಮೇಲೆ ಹೋಗುತ್ತದೆ ಎಂದುಕೊಂಡಿರಲಿಲ್ಲ, ಹೋದ ಮೇಲೆ ಬಾಯಿಬಿಡುವ ಧೈರ್ಯ ಇರಲಿಲ್ಲ ಎಂದರು. 11.05ಕ್ಕೆ ದಸ್ತಗಿರಿ ಎಂದು ದಾಖಲಾಯಿತು. ಜಾಮೀನು ಸಿಗುವ ಕಲಮು, ಸಂಜೆಗೆ ಬಿಡುಗಡೆಯಾಗುತ್ತದೆ. ನಾಗೇಂದ್ರನ ಶಟರನ್ನು ದಿವ್ಯಳೇ ನಿಂತು ತೆಗೆಸಿದಳು. ಹಾಗೆ ಮಾಡಲೇಬೇಕಿತ್ತು, ಮುಚ್ಚಿಸಿದವರೂ ನೋಡಲಿ.

ಜೀಪಿನ ಹತ್ತಿರ ಕಲ್ಯಾಣಮ್ಮ ಗಂಡನ ಎದುರು ನಿಂತರು. ವರ್ಷದ ಹಿಂದೆ ಕಲ್ಯಾಣಮ್ಮನ ಎದೆಗೆ ಸ್ಟೆಂಟ್ ಹಾಕಿದ್ದರು. ಡಾಕ್ಟರು ಬೇಡವೆಂದರೂ ನಸುಕಿಗೇ ಎದ್ದು ಇನ್ನೂರು ರೊಟ್ಟಿ ಮಾಡುತ್ತಿದ್ದರು. ಗಿರಾಕಿ ಹೆದರಿ ಬರುವುದು ಬಿಟ್ಟರಾದರೂ ಹೆಂಡತಿ ಒಲೆ ಬಿಟ್ಟಾಳೆಂದು ಜಂಬಣ್ಣ ಲೆಕ್ಕ ಹಾಕಿದ್ದರು.

“ಬಿಡು ಅಂತ ನನಗ ಬಾಯಿ ಬಿಟ್ಟು ಹೇಳಬೇಕಿತ್ತಲ್ರಿ,” ಕಲ್ಯಾಣಮ್ಮ ಕೇಳಿದರು.

“ದಿನಾ ಹೇಳೀನಿ,” ಜಂಬಣ್ಣ ಜೀಪು ಹತ್ತುತ್ತಾ ಹೇಳಿದರು. “ರೊಟ್ಟಿ ಬಡಿಯೋ ಸಪ್ಪಳದಾಗ ನಿನಗ ಕೇಳಲಿಲ್ಲ.”