ಬಾಡದ ಹೂವು

ಹಿಂದೆ, ಗಿಡಮರಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಮಂಜಿನಕೋಟೆ ಅಂತ ಒಂದು ರಾಜ್ಯ. ಅಲ್ಲಿನ ಅರಮನೆಯ ಹೂದೋಟ ನೋಡಿಕೊಳ್ಳುತ್ತಿದ್ದವಳು ಹೊನ್ನಾಜಿ. ಅವಳಿಗೆ ತನ್ನವಳು ಅಂತ ಇದ್ದದ್ದು ತಂಗಿ ಮುದ್ದಾಜಿ ಒಬ್ಬಳೇ. ಕೊರಡಯ್ಯನೆಂಬ ಮಾಂತ್ರಿಕ ಆ ತಂಗಿಯನ್ನು ಗುಲಾಬಿ ಗಿಡ ಮಾಡಿಬಿಟ್ಟ. ಅವನನ್ನು ಮದುವೆಯಾಗಲು ಒಲ್ಲೆ ಎಂದಳಂತೆ, ಅಷ್ಟೇ ತಪ್ಪು!

"ಶಿವರಾತ್ರಿಯ ಹೊತ್ತು ಮುಳುಗುವುದರೊಳಗೆ ಚಿಗುರಿದರೆ ಹೆಣ್ಣು, ಇಲ್ಲವಾದರೆ ಸೌದೆ," ಎಂದು ನಕ್ಕು ಹೋದ.

ಶಿವರಾತ್ರಿ ಬಂತು. ಚಳಿ ಶಿವ ಶಿವಾ ಅಂತ ಹೊರಟು ನಿಂತಿತು. ಹೊನ್ನಾಜಿ ಬುಡ ಬಿಡಿಸಲು ಗುದ್ದಲಿ ಹಾಕಿದಳು. ಮಣ್ಣಿನಿಂದ ಕರಿನಾಗರ ಹೆಡೆಯೆತ್ತಿತು.

"ಯಾರೇ ನೀನು?"

"ತೋಟದವಳಪ್ಪಾ. ಬೇರಿಗೆ ಬಿಸಿಲು ಕಾಣಿಸಬೇಕು, ಚೂರು ಸರಿ."

ಅಂಜದವಳನ್ನು ಕಂಡು ಹಾವು ಸರಿಯಿತು.

ಗೊಬ್ಬರ ಹಾಕಲು ಬಗ್ಗಿದಳು. ಮುಳ್ಳುಗಳೆಲ್ಲ ಈಟಿಗಳಾಗಿ ಬೆಳೆದು ತೋಳಿಗೆ ನಾಟಿದವು. "ನನ್ನ ತಂಗಿಯ ಮೈಯ ಮುಳ್ಳು, ಚುಚ್ಚಿದರೆ ಚುಚ್ಚಲಿ," ಎಂದು ಹಾಕಿಯೇ ಹಾಕಿದಳು. ಈಟಿಗಳು ಮತ್ತೆ ಮುಳ್ಳಾದವು.

ಇನ್ನು ಉಳಿದದ್ದು ಕತ್ತರಿ ಕೆಲಸ; ರೆಂಬೆ ಸವರಿದರೇ ಗುಲಾಬಿ ಚಿಗುರುವುದು. ಗಿಡದ ನೆತ್ತಿಯಲ್ಲಿ ಒಂದೇ ಒಂದು ಕೆಂಪು ಹೂವಿತ್ತು. ಹೂವಿರುವ ಗಿಡಕ್ಕೆ ಕತ್ತರಿ ಹಾಕಬಾರದು, ಅದು ಆ ತೋಟದ ಕಟ್ಟಳೆ. ಉದುರಲಿ, ಆಮೇಲೆ ಸವರೋಣ ಎಂದು ಮಾಗಿಯೆಲ್ಲ ಕಾದಿದ್ದಳು. ಅದು ಉದುರಲಿಲ್ಲ, ಬಾಡಲೂ ಇಲ್ಲ. ಗಿಡ ಮಾತ್ರ ಒಣಗುತ್ತ ಬಂತು.

ಹೊತ್ತು ಇಳಿಯುತ್ತಿತ್ತು. ಕಟ್ಟಳೆ ಹಾಳಾಗಲಿ ಎಂದು ಕತ್ತರಿ ತೆರೆದಳು. ಹೂವು ಥೇಟ್ ತಂಗಿಯ ದನಿಯಲ್ಲೇ ಕೂಗಿತು: "ಬೇಡ ಅಕ್ಕಾ! ಕತ್ತರಿಸಿದರೆ ಸತ್ತೇ ಹೋಗ್ತೀನಿ ಕಣೇ!"

ಅಯ್ಯೋ, ಎತ್ತಿ ಆಡಿಸಿದ ಕೂಸಲ್ಲವೇ! ಹೊನ್ನಾಜಿ ಕತ್ತರಿ ಹಿಂದಕ್ಕೆಳೆದಳು. ಅಷ್ಟರಲ್ಲಿ ಒಂದು ಜೇನುನೊಣ ಬಂದು, ಹೂವಿನ ಸುತ್ತ ಸುಳಿದು, ಕೂರದೆ ಹಾರಿಹೋಯಿತು. ಮಾಗಿಯೆಲ್ಲ ಒಂದು ನೊಣವೂ ಅದರ ಮೇಲೆ ಕೂತದ್ದನ್ನು ಅವಳು ಕಂಡಿರಲಿಲ್ಲ.

"ಬಾಡದ್ದು, ಜೇನಿಗೂ ಬೇಡದ್ದು ಹೂವೇ ಅಲ್ಲ. ನನ್ನ ತಂಗಿಯ ಜೀವ ಹೀರುವ ಪಾಪಿ ನೀನು!"

ಗಿಡ ಸವರುವ ಮುನ್ನ ತೋಟದವರು ಹೇಳುವ ಮಾತನ್ನೇ ಹೇಳಿದಳು: "ನೋವು ನನಗಿರಲಿ, ಚಿಗುರು ನಿನಗಿರಲಿ." ಅಳುತ್ತಲೇ ಕತ್ತರಿಸಿದಳು.

ಹೂವು ನೆಲಕ್ಕೆ ಬಿತ್ತು. ಕೊರಡಯ್ಯ ತನ್ನ ಪ್ರಾಣವನ್ನು ಅದರಲ್ಲೇ ಬಚ್ಚಿಟ್ಟಿದ್ದ. ತನ್ನ ಗವಿಯಲ್ಲಿ ಕೂತಲ್ಲೇ ಒಣಕೊರಡಾಗಿ ಉರುಳಿದ.

ಹೊನ್ನಾಜಿ ಒಂದೊಂದೇ ರೆಂಬೆ ಸವರಿ, ಪ್ರತಿ ಗಾಯಕ್ಕೂ ಸಗಣಿ ಮೆತ್ತಿ, ಬುಡದಲ್ಲಿ ಕೂತಳು. ಸೂರ್ಯ ಮುಳುಗುವ ಗಳಿಗೆಗೆ ಒಂದು ಕೆಂಪು ಚಿಗುರು ಕಣ್ಣು ಬಿಟ್ಟಿತು. ಗಿಡವಿದ್ದಲ್ಲಿ ಮುದ್ದಾಜಿ ನಿಂತಿದ್ದಳು, ತಲೆಯೆಲ್ಲ ಸಗಣಿ.

"ಅಕ್ಕಾ, ನನ್ನ ಜಡೆ ಎಲ್ಲೇ?"

"ಬೆಳೆಯುತ್ತೆ ಬಿಡೇ," ಎಂದು ಹೊನ್ನಾಜಿ ಅವಳನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಜಡೆ ಬೆಳೆಯಿತು, ಅಕ್ಕತಂಗಿಯರು ಸುಖವಾಗಿದ್ದರು. ಅವರ ತೋಟ ಅಲ್ಲಿ ಚಿಗುರಿತು, ಕೇಳಿದವರ ಮನೆ ಇಲ್ಲಿ ತಂಪಾಗಿರಲಿ.